ಒರ್ವಿಯೇತೊ: ಬಂಡೆ ಮೇಲಿನ ಊರಲ್ಲಿ ಇಬ್ಬರ ಒಂದು ದಿನ

(ನಮ್ಮ ಬಡಾವಣೆಯ ವಾಚನಾಲಯದಲ್ಲಿ ಒಂದು ಭಾನುವಾರ ಆಡಿದ ಮಾತು. ಆಡಿದ್ದನ್ನೇ ಸ್ವಲ್ಪ ತಿದ್ದಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಟಲಿ ಬಗ್ಗೆ ಮಾತಾಡಿ ಅಂದಾಗ ರೋಮ್, ವೆನಿಸ್, ವಾಲಿದ ಗೋಪುರ ಎಲ್ಲ ಸೇರಿಸಿ ಒಂದು ಗಂಟೆ ಎಳೆಯಬಹುದಿತ್ತು. ಅದು ಬೇಡ. ಅವನ್ನೆಲ್ಲ ನಿಮ್ಮಲ್ಲಿ ಅರ್ಧ ಜನ ನೋಡಿದ್ದೀರಿ, ಉಳಿದವರು ಮೊಬೈಲಿನಲ್ಲಿ ನೋಡಿದ್ದೀರಿ. ನಾನು ಒಂದೇ ಊರಿನ ಬಗ್ಗೆ, ಅಲ್ಲಿ ನಾವಿಬ್ಬರು ಕಳೆದ ಒಂದು ದಿನದ ಬಗ್ಗೆ ಹೇಳುತ್ತೇನೆ. ಊರಿನ ಹೆಸರು ಒರ್ವಿಯೇತೊ. ರೋಮ್‌ಗೂ ಫ್ಲಾರೆನ್ಸ್‌ಗೂ ನಡುವೆ, ಉಂಬ್ರಿಯಾ ಪ್ರಾಂತ್ಯದಲ್ಲಿದೆ. ರೋಮ್‌ನಿಂದ ರೈಲಿನಲ್ಲಿ ಸುಮಾರು ಒಂದೂಕಾಲು ಗಂಟೆ.

ಪ್ಯಾಕೇಜ್ ಟೂರಿನವರು ಈ ಊರಿಗೆ ಎರಡು ಗಂಟೆ ಕೊಡುತ್ತಾರೆ. ಹತ್ತೂವರೆಗೆ ಬಸ್ಸು ಬರುತ್ತದೆ, ಚರ್ಚಿನ ಮುಂದೆ ಫೋಟೊ, ಒಂದು ಐಸ್‌ಕ್ರೀಮು, ಮತ್ತೆ ಬಸ್ಸು. ನಾನು ಹೇಳುವುದಿಷ್ಟೇ: ಇಂಥ ಊರಿಗೆ ಒಂದು ಇಡೀ ದಿನ ಕೊಡಿ, ರಾತ್ರಿ ಅಲ್ಲೇ ಉಳಿಯಿರಿ. ಯಾಕೆ ಅಂತ ಮುಂದೆ ಹೇಳುತ್ತಾ ಹೋಗುತ್ತೇನೆ. ಪಟ್ಟಿ ಹಿಡಿದು ಓಡುವವರಿಗೆ ಅಲ್ಲಿ ನೋಡೋದು ಜಾಸ್ತಿ ಏನಿಲ್ಲ. ಸುಮ್ನೆ ಇರೋಕೆ ಬರುವವರಿಗೆ ಒಂದು ದಿನ ಸಾಲದು.

ಮೊದಲು ಊರು ಹೇಗಿದೆ ಅಂತ ಹೇಳಿಬಿಡುತ್ತೇನೆ. ಬಯಲಿನ ನಡುವೆ ಒಂದು ಚಪ್ಪಟೆ ತಲೆಯ ಬಂಡೆ ಎದ್ದು ನಿಂತಿದೆ. ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಕಲ್ಲು, ತೂಫೊ ಅನ್ನುತ್ತಾರೆ. ಸುತ್ತಲೂ ಕಡಿದಿಟ್ಟ ಗೋಡೆಯಂತೆ ನೆಟ್ಟಗೆ ಇಳಿಯುತ್ತದೆ. ಆ ತಲೆಯ ಮೇಲೆ ಇಡೀ ಊರು. ರೈಲು ನಿಲ್ದಾಣ ಕೆಳಗಿದೆ. ನಿಲ್ದಾಣದ ಎದುರಿಗೇ ಫ್ಯುನಿಕ್ಯುಲರ್, ಅಂದರೆ ಹಗ್ಗದ ಮೇಲೆ ಎಳೆಯುವ ಪುಟ್ಟ ರೈಲು. ರಸ್ತೆ ದಾಟಿ ಹತ್ತಿ ಕೂತರೆ ಎರಡು ಮೂರು ನಿಮಿಷದಲ್ಲಿ ಮೇಲಿರುತ್ತೀರಿ. 1888ರಲ್ಲಿ ಶುರುವಾದಾಗ ಇದು ನೀರಿನ ಭಾರದಿಂದ ಓಡುತ್ತಿತ್ತಂತೆ. ಮೇಲಿನ ಡಬ್ಬಿಗೆ ನೀರು ತುಂಬಿಸುವುದು, ಅದು ಭಾರಕ್ಕೆ ಕೆಳಗಿಳಿಯುವಾಗ ಕೆಳಗಿನ ಡಬ್ಬಿಯನ್ನು ಮೇಲಕ್ಕೆ ಎಳೆಯುವುದು. ನಡುವೆ ಎಷ್ಟೋ ವರ್ಷ ನಿಂತುಹೋಗಿ, 1990ರಲ್ಲಿ ಕರೆಂಟಿನ ಮೇಲೆ ಮತ್ತೆ ಶುರುವಾಯಿತು.

ನಮ್ಮವರು ಇಡೀ ಸರ್ವಿಸ್ ನೀರಾವರಿ ಕೆಲಸದಲ್ಲೇ ಕಳೆದವರು. ಈ ನೀರಿನ ಭಾರದ ಕತೆ ಕಿವಿಗೆ ಬಿದ್ದಿದ್ದೇ ತಡ, ಅವರಿಗೆ ಊರು ಇಷ್ಟವಾಗಿಹೋಯಿತು, ಇನ್ನೂ ಊರು ನೋಡೇ ಇರಲಿಲ್ಲ! ನನ್ನದು ಚಿತ್ರ, ಶಿಲ್ಪದ ಹುಚ್ಚು. ಹೀಗೆ ಬೇರೆ ಬೇರೆ ಹುಚ್ಚಿನ ಗಂಡ ಹೆಂಡತಿ ಒಟ್ಟಿಗೆ ಪ್ರವಾಸ ಹೋದರೆ ಒಬ್ಬರು ಇನ್ನೊಬ್ಬರಿಗಾಗಿ ಕಾಯುವುದೇ ಆಗುತ್ತದೆ ಅಲ್ವಾ. ಈ ಊರಿನಲ್ಲಿ ಹಾಗಾಗಲಿಲ್ಲ.

ಮೇಲೆ ಇಳಿದ ಜಾಗದ ಪಕ್ಕದಲ್ಲೇ ಸಂತ ಪ್ಯಾಟ್ರಿಕ್‌ನ ಬಾವಿ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಬೇಜಾರಾಗಬೇಡಿ.

1527ರಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್‌ನ ಸೈನ್ಯ ರೋಮ್‌ಗೆ ನುಗ್ಗಿ ಊರನ್ನು ಸೂರೆ ಮಾಡಿತು. ಸಂಬಳ ಸಿಗದ ಸೈನಿಕರು, ಕೇಳಬೇಕೆ. ಪೋಪ್ ಏಳನೇ ಕ್ಲೆಮೆಂಟ್ ಕೋಟೆಯೊಳಗೆ ಸೆರೆಯಾಗಿ, ತಿಂಗಳುಗಟ್ಟಲೆ ಕಳೆದು, ಕೊನೆಗೆ ವೇಷ ಮರೆಸಿಕೊಂಡು ಒರ್ವಿಯೇತೊಗೆ ಓಡಿಬಂದ. ಯಾಕೆ ಇಲ್ಲಿಗೇ? ಬಂಡೆ ಮೇಲಿನ ಊರು, ಯಾರೂ ಸುಲಭವಾಗಿ ಹತ್ತಲಾರರು. (ಇಂಗ್ಲೆಂಡಿನ ಎಂಟನೇ ಹೆನ್ರಿ ತನ್ನ ಮದುವೆ ಮುರಿಸಿಕೊಡಿ ಅಂತ ಕೇಳಲು ಕಳಿಸಿದ ದೂತರು ಈ ಪೋಪನನ್ನು ಹುಡುಕಿಕೊಂಡು ಬಂದದ್ದೂ ಈ ಊರಿಗೇ.) ಬಂಡೆಯ ಮೇಲಿದ್ದರೆ ಶತ್ರು ಹತ್ತುವುದಿಲ್ಲ, ಸರಿ. ಆದರೆ ನೀರೂ ಹತ್ತುವುದಿಲ್ಲ. ಸುತ್ತ ಮುತ್ತಿಗೆ ಹಾಕಿ ಕೂತರೆ ಊರು ಬಾಯಾರಿ ಸಾಯಬೇಕು. ಅದಕ್ಕೆ ಪೋಪ್ ಆಂತೊನಿಯೊ ದ ಸಂಗಾಲ್ಲೊ ಎಂಬ ವಾಸ್ತುಶಿಲ್ಪಿಯನ್ನು ಕರೆಸಿ ಬಾವಿ ತೋಡಿಸಲು ಶುರುಮಾಡಿದ. ಮುಗಿದದ್ದು 1537ರಲ್ಲಿ. ಅಷ್ಟರಲ್ಲಿ ಕ್ಲೆಮೆಂಟ್ ತೀರಿಹೋಗಿ, ಮೂರನೇ ಪಾಲ್ ಪೋಪ್ ಆಗಿದ್ದ. ತೋಡಿಸಿದವನಿಗೆ ಆ ಬಾವಿಯ ನೀರು ಸಿಗಲೇ ಇಲ್ಲ.

ಬಾವಿ 53 ಮೀಟರ್ ಆಳ, 13 ಮೀಟರ್ ಅಗಲ. ಹಗ್ಗ ಕಟ್ಟಿ ಕೊಡದಲ್ಲಿ ಸೇದುವ ಬಾವಿಯಲ್ಲ ಇದು, ಕತ್ತೆಗಳು ನಡೆದು ಇಳಿಯುವ ಬಾವಿ. ಒಂದೇ ದಾರಿ ಇದ್ದರೆ ಇಳಿಯುವ ಕತ್ತೆಗೂ ನೀರು ಹೊತ್ತು ಹತ್ತುವ ಕತ್ತೆಗೂ ನಡುದಾರಿಯಲ್ಲಿ ಮುಖಾಮುಖಿ ಆಗುತ್ತದೆ, ಆಮೇಲೆ ಯಾರು ಹಿಂದೆ ಸರಿಯಬೇಕು? ಸಂಗಾಲ್ಲೊ ಮಾಡಿದ್ದೇನೆಂದರೆ, ಬಾವಿಯ ಸುತ್ತ ಒಂದರ ಮೇಲೊಂದು ಸುತ್ತಿಕೊಂಡು ಹೋಗುವ ಎರಡು ಮೆಟ್ಟಿಲ ದಾರಿ ಕೊರೆಸಿದ. ಒಂದು ಬರೀ ಇಳಿಯಲು, ಇನ್ನೊಂದು ಬರೀ ಹತ್ತಲು. ಎರಡೂ ಎಲ್ಲಿಯೂ ಕೂಡುವುದಿಲ್ಲ, ತಳದಲ್ಲಿ ನೀರಿನ ಮೇಲಿರುವ ಒಂದು ಸಣ್ಣ ಸೇತುವೆ ಬಿಟ್ಟರೆ. ಒಂದೊಂದರಲ್ಲಿ 248 ಮೆಟ್ಟಿಲು. ಕತ್ತೆ ಕಾಲಿಗೆ ತಕ್ಕಂತೆ ಅಗಲವಾದ, ತಗ್ಗಾದ ಮೆಟ್ಟಿಲುಗಳು. ಒಳಗೋಡೆಯಲ್ಲಿ 70ರಷ್ಟು ಕಿಟಕಿಗಳು. ಬೆಳಕು ಮೇಲಿನ ಬಾಯಿಂದ ಬಾವಿಗೆ ಬಿದ್ದು, ಕಿಟಕಿಗಳ ಮೂಲಕ ಮೆಟ್ಟಿಲಿಗೆ ಬರುತ್ತದೆ. ದೀಪ ಇಲ್ಲದ ಕಾಲದಲ್ಲಿ ಅಷ್ಟೇ ಬೆಳಕು.

"ರೀ, 248 ಇಳಿದರೆ 248 ಹತ್ತಬೇಕು, ಗೊತ್ತಲ್ಲ?" ಅಂದೆ. "ಹತ್ತೋದು ಆಮೇಲಿನ ಮಾತು, ಈಗ ಇಳಿ" ಅಂದರು.

ಇಳಿಯುವಾಗ ಗಮನಿಸಿ: ಮೇಲಿನ ಅರ್ಧದಲ್ಲಿ ಗೋಡೆ ಬಂಡೆಯನ್ನೇ ಕಡಿದದ್ದು. ಆಮೇಲೆ ಇಟ್ಟಿಗೆ ಶುರುವಾಗುತ್ತದೆ. ತೂಫೊ ಕಲ್ಲು ಮುಗಿದು ಜೇಡಿಮಣ್ಣು ಬಂದಿತು, ಅದು ತಾನಾಗಿ ನಿಲ್ಲುವುದಿಲ್ಲ, ಅದಕ್ಕೇ ಇಟ್ಟಿಗೆ ಕಟ್ಟಡ. ಇದನ್ನು ತೋರಿಸಿಕೊಟ್ಟದ್ದು ನಮ್ಮವರೇ. ಗೋಡೆ ತಟ್ಟಿ, ಬೆರಳಿಂದ ಕಲ್ಲಿನ ಗೆರೆ ಮುಟ್ಟಿ, "ಇಲ್ಲಿ ನೋಡು, ಇಲ್ಲಿಂದ ಕೆಲಸದ ಲೆಕ್ಕವೇ ಬೇರೆ" ಅಂದರು. ತಳದಲ್ಲಿ ನಾನು ಸೇತುವೆ ದಾಟಿ ಹತ್ತಲು ಶುರುಮಾಡಿದೆ. ಅವರು ಇಟ್ಟಿಗೆ ನೋಡಬೇಕು ಅಂತ ಇಳಿದ ದಾರಿಯಲ್ಲೇ ಸ್ವಲ್ಪ ವಾಪಸ್ ಹೋದರು, ಅಲ್ಲಿ ಹಾಗೆ ಮಾಡಬಾರದು, ಆದರೂ ಹೋದರು. ನಾನು ಈ ಕಿಟಕಿಯಲ್ಲಿ, ಅವರು ಎದುರಿನ ಕಿಟಕಿಯಲ್ಲಿ. ನಡುವೆ ಬಾವಿ. ಕೈಬೀಸಿದರು. ಮುಖ ಕಾಣುತ್ತದೆ, ಮಾತು ಕೇಳುತ್ತದೆ, ಆದರೆ ಮುಟ್ಟಬೇಕೆಂದರೆ ತಳಕ್ಕೋ ಮೇಲಕ್ಕೋ ಹೋಗಲೇಬೇಕು. ಬಾವಿಯ ಜಾಣತನ ನನಗೆ ಅರ್ಥವಾದದ್ದು ಆಗಲೇ, ಬೋರ್ಡಿನಲ್ಲಿದ್ದ ನಕ್ಷೆ ನೋಡಿ ಅಲ್ಲ.

ಹತ್ತಿ ಬಂದ ಮೇಲೆ ಕಾಫಿ ಬೇಕೇ ಬೇಕು. ಇಟಲಿಯಲ್ಲಿ ಕಾಫಿ ಅಂಗಡಿಯನ್ನು ಬಾರ್ ಅನ್ನುತ್ತಾರೆ, ಹೆದರಬೇಡಿ. ಕೌಂಟರಿನ ಮುಂದೆ ನಿಂತು ಕುಡಿದರೆ ಒಂದು ರೇಟು, ಮೇಜಿನಲ್ಲಿ ಕೂತರೆ ಸಾಮಾನ್ಯವಾಗಿ ಜಾಸ್ತಿ. ಪ್ರವಾಸಿಗಳು ಇದನ್ನು ಮೋಸ ಅಂತಾರೆ. ನನಗೆ ಹಾಗನ್ನಿಸಲ್ಲ. ಕೂತವರನ್ನು ಯಾರೂ ಏಳಿಸುವುದಿಲ್ಲ, ಒಂದು ಪುಟ್ಟ ಕಪ್ಪಿಗೆ ಒಂದು ಗಂಟೆ ಕೂತರೂ ಬಿಲ್ ತಂದು ಮುಖದ ಮುಂದೆ ಇಡುವುದಿಲ್ಲ. ಹಾಲು ಹಾಕಿದ ಕಪುಚಿನೊ ಅವರು ಬೆಳಿಗ್ಗೆ ಮಾತ್ರ ಕುಡಿಯುವುದು. ಊಟದ ಮೇಲೆ ಕೇಳಿದರೆ ಕೊಡುತ್ತಾರೆ, ಆದರೆ ಒಂದು ನೋಟ ನೋಡುತ್ತಾರೆ.

ಈಗ ನನ್ನ ಸರದಿ, ದುಓಮೊ. ಅಂದರೆ ಊರಿನ ದೊಡ್ಡ ಚರ್ಚು. ಇದಕ್ಕೂ ಒಂದು ಕತೆ ಇದೆ. 1263ರಲ್ಲಿ ಹತ್ತಿರದ ಬೊಲ್ಸೇನದಲ್ಲಿ ಒಬ್ಬ ಪಾದ್ರಿ ಪೂಜೆ ಮಾಡುತ್ತಿದ್ದಾಗ, ಅವನಿಗೇ ನಂಬಿಕೆ ಅಲ್ಲಾಡಿದ್ದ ಹೊತ್ತಿನಲ್ಲಿ, ಪ್ರಸಾದದ ರೊಟ್ಟಿಯಿಂದ ರಕ್ತ ಸುರಿದು ಕೆಳಗಿನ ಬಟ್ಟೆಗೆ ಬಿತ್ತು ಅಂತ ಭಕ್ತರ ನಂಬಿಕೆ. ಆ ಬಟ್ಟೆಯನ್ನು ಆಗ ಒರ್ವಿಯೇತೊದಲ್ಲಿದ್ದ ಪೋಪ್ ನಾಲ್ಕನೇ ಉರ್ಬನ್ ಬಳಿಗೆ ತಂದರು. ಮರುವರ್ಷ ಅವನು ಇದೇ ಊರಿನಿಂದ ಕಾರ್ಪಸ್ ಕ್ರಿಸ್ಟಿ, ಅಂದರೆ ಕ್ರಿಸ್ತನ ದೇಹದ ಹಬ್ಬವನ್ನು ಇಡೀ ಕ್ರೈಸ್ತ ಲೋಕಕ್ಕೆ ಸಾರಿದ. ಬಟ್ಟೆ ಈಗಲೂ ಈ ಚರ್ಚಿನಲ್ಲಿದೆ. ಚರ್ಚಿನ ಅಡಿಗಲ್ಲು ಬಿದ್ದದ್ದು 1290ರಲ್ಲಿ, ಕೆಲಸ ಸುಮಾರು ಮುನ್ನೂರು ವರ್ಷ ನಡೆಯಿತು. ಪಕ್ಕದ ಒಂದು ಗೋಪುರದ ಮೇಲೆ ಗಂಟೆ ಹೊಡೆಯುವ ಕಂಚಿನ ಮನುಷ್ಯನಿದ್ದಾನೆ, ಮೌರಿತ್ಸಿಯೊ ಅಂತ ಹೆಸರು. 14ನೇ ಶತಮಾನದವನು. ಕಟ್ಟಡದ ಕೂಲಿಗಳಿಗೆ ಹೊತ್ತು ತಿಳಿಸಲು ನಿಲ್ಲಿಸಿದ್ದು. ಕೂಲಿಗಳು ಹೋದರು, ಇವನು ಇನ್ನೂ ಡ್ಯೂಟಿಯಲ್ಲಿದ್ದಾನೆ.

ಪಕ್ಕದ ಗೋಡೆಗಳಿಗೆ ಕಪ್ಪು ಬಿಳಿ ಕಲ್ಲಿನ ಅಡ್ಡ ಪಟ್ಟೆ. ಮುಂಭಾಗದಲ್ಲಿ ಮಾತ್ರ ಬಂಗಾರದ ಬಣ್ಣದ ಮೊಸಾಯಿಕ್, ಅಂದರೆ ಪುಟ್ಟ ಚೂರುಗಳನ್ನು ಜೋಡಿಸಿ ಮಾಡಿದ ಚಿತ್ರ, ಗುಲಾಬಿ ಹೂವಿನಂಥ ದುಂಡು ಕಿಟಕಿ, ಒಂದು ಇಂಚು ಖಾಲಿ ಬಿಟ್ಟಿಲ್ಲ. ಎಲ್ಲರೂ ತಲೆಯೆತ್ತಿ ಅದನ್ನೇ ನೋಡುತ್ತಾರೆ. ನೀವು ತಲೆ ತಗ್ಗಿಸಿ. ಬಾಗಿಲುಗಳ ಅಕ್ಕಪಕ್ಕ, ಕಂಬಗಳ ಬುಡದಲ್ಲಿ, ಶಿಲ್ಪಿ ಲೊರೆಂಜೊ ಮೈತಾನಿ ಮತ್ತವನ ಕಡೆಯವರು ಕೆತ್ತಿದ ಕಲ್ಲಿನ ಹಲಗೆಗಳಿವೆ. ಎಡತುದಿಯದು ಸೃಷ್ಟಿಯ ಕತೆ. ಆದಾಮ ನಿದ್ದೆಯಲ್ಲಿದ್ದಾನೆ, ದೇವರು ಬಗ್ಗಿ ಅವನ ಪಕ್ಕೆಯೊಳಗೆ ಕೈ ಹಾಕಿದ್ದಾನೆ. ಆಪರೇಷನ್ ಮಾಡುವ ಡಾಕ್ಟರಿಗಿರುವಷ್ಟೇ ಏಕಾಗ್ರತೆ ಆ ಮುಖದಲ್ಲಿ. ಬಲತುದಿಯದು ಕೊನೆಯ ತೀರ್ಪು, ಅಂದರೆ ಲೋಕದ ಅಂತ್ಯದಲ್ಲಿ ಸತ್ತವರನ್ನೆಲ್ಲ ಎಬ್ಬಿಸಿ ದೇವರು ಮಾಡುವ ನ್ಯಾಯ, ಜೊತೆಗೆ ನರಕ. ಬಸ್ಸಿನವರು ಇದರ ಮುಂದೆ ಒಂದು ನಿಮಿಷವೂ ನಿಲ್ಲಲಿಲ್ಲ.

ಒಳಗೆ ಬಲಗಡೆ ಸಂತ ಬ್ರಿತ್ಸಿಯೊ ಮಂಟಪ. 1447ರಲ್ಲಿ ಫ್ರಾ ಆಂಜೆಲಿಕೊ ಎಂಬ ಚಿತ್ರಕಾರ ಚಾವಣಿಯಲ್ಲಿ ಸ್ವಲ್ಪ ಬರೆದು ಹೊರಟುಹೋದ. ಐವತ್ತು ವರ್ಷ ಹಾಗೇ ಬಿದ್ದಿತ್ತು. 1499ರಲ್ಲಿ ಲೂಕಾ ಸಿನ್ಯೊರೆಲ್ಲಿ ಬಂದು, 1504ರ ಹೊತ್ತಿಗೆ ಚಾವಣಿ ಗೋಡೆ ಎರಡನ್ನೂ ಮುಗಿಸಿದ. ವಿಷಯ ಲೋಕದ ಅಂತ್ಯ. ಒಂದು ಗೋಡೆಯಲ್ಲಿ ಕಳ್ಳ ಕ್ರಿಸ್ತ ಪೀಠದ ಮೇಲೆ ನಿಂತು ಉಪದೇಶ ಮಾಡುತ್ತಿದ್ದಾನೆ. ಮುಖ ಥೇಟ್ ಕ್ರಿಸ್ತನದೇ, ಆದರೆ ಹಿಂದಿನಿಂದ ಸೈತಾನ ಕಿವಿಯಲ್ಲಿ ಏನು ಹೇಳಬೇಕು ಅಂತ ಊದುತ್ತಿದ್ದಾನೆ. ಅದೇ ಚಿತ್ರದ ಎಡ ಮೂಲೆಯಲ್ಲಿ ಕಪ್ಪು ಬಟ್ಟೆ ಹಾಕಿ ನಿಂತ ಇಬ್ಬರು, ಒಬ್ಬ ಸಿನ್ಯೊರೆಲ್ಲಿಯೇ, ಇನ್ನೊಬ್ಬ ಫ್ರಾ ಆಂಜೆಲಿಕೊ. ಕೆಲಸ ಶುರುಮಾಡಿದವನನ್ನು ಮುಗಿಸಿದವನು ಮರೆಯಲಿಲ್ಲ.

ನನಗೆ ಹಿಡಿಸಿದ್ದು ಸತ್ತವರು ಏಳುವ ಚಿತ್ರ. ದೇವದೂತರು ಮೇಲೆ ತುತ್ತೂರಿ ಊದುತ್ತಿದ್ದಾರೆ. ಕೆಳಗೆ ಬೋಳು ಬಿಳಿ ನೆಲ. ಅದರೊಳಗಿಂದ ಜನ ಮೇಲೆ ಬರುತ್ತಿದ್ದಾರೆ. ಒಬ್ಬನ ತಲೆ ಮಾತ್ರ ಬಂದಿದೆ, ಒಬ್ಬ ಸೊಂಟದವರೆಗೆ ಬಂದಿದ್ದಾನೆ, ಇನ್ನು ಕೆಲವರಿಗೆ ಮಾಂಸವೇ ಇನ್ನೂ ತುಂಬಿಲ್ಲ, ಅಸ್ಥಿಪಂಜರ ಹಲ್ಲು ಕಿರಿದು ನಿಂತಿದೆ. ಪವಾಡ ಅಂದರೆ ತೇಲಿಕೊಂಡು ಬರಬೇಕಲ್ಲ, ಇವರು ಹಾಗಲ್ಲ. ಮದುವೆ ಮನೆ ಪಂಕ್ತಿಯಿಂದ ಮಂಡಿ ನೋವಿನವರು ಏಳುವ ಹಾಗೆ, ಎರಡೂ ಕೈ ನೆಲಕ್ಕೆ ಊರಿ, ಕಷ್ಟಪಟ್ಟು ಏಳುತ್ತಿದ್ದಾರೆ. ಮೈಕೆಲ್ಯಾಂಜೆಲೊ ರೋಮ್‌ನಲ್ಲಿ ತನ್ನ ಕೊನೆಯ ತೀರ್ಪು ಬರೆದದ್ದು ಇದಾದ ಮೂರು ದಶಕದ ಮೇಲೆ.

ಇನ್ನೊಂದು ತಮಾಷೆ. ಮನಶ್ಶಾಸ್ತ್ರದ ಸಿಗ್ಮಂಡ್ ಫ್ರಾಯ್ಡ್ ಒಮ್ಮೆ ಪ್ರಯಾಣದಲ್ಲಿ ಸಹಪ್ರಯಾಣಿಕನಿಗೆ ಈ ಚಿತ್ರಗಳ ಬಗ್ಗೆ ಹೇಳಲು ಹೋಗಿ ಚಿತ್ರಕಾರನ ಹೆಸರನ್ನೇ ಮರೆತುಬಿಟ್ಟ. ಬೊಟಿಚೆಲ್ಲಿ, ಬೊಲ್ತ್ರಾಫಿಯೊ ಅಂತ ಬೇರೆ ಹೆಸರುಗಳೇ ಬಾಯಿಗೆ ಬಂದವು. ಯಾಕೆ ಮರೆತೆ ಅಂತ ತಲೆ ಕೆಡಿಸಿಕೊಂಡು 1898ರಲ್ಲಿ ಒಂದು ಲೇಖನವನ್ನೇ ಬರೆದ. ನಾವು ಮರೆತರೆ ವಯಸ್ಸಾಯಿತು ಅಂತಾರೆ, ಅವನು ಮರೆತರೆ ಶಾಸ್ತ್ರವಾಯಿತು.

ಊಟದ ಮಾತಿಗೆ ಬರೋಣ, ನೀವೆಲ್ಲ ಕಾಯುತ್ತಿರುವ ಪ್ರಶ್ನೆ ಇದೇ ಅಂತ ಗೊತ್ತು. ನಾವಿಬ್ಬರೂ ಸಸ್ಯಾಹಾರಿಗಳು. ಅಲ್ಲಿನ ಪಾಸ್ತಾ ಉಂಬ್ರಿಕೆಲ್ಲಿ. ಹಿಟ್ಟು ನೀರು ಅಷ್ಟೇ, ಮೊಟ್ಟೆ ಹಾಕುವುದಿಲ್ಲ, ಕೈಯಲ್ಲಿ ಹೊಸೆದು ದಪ್ಪ ದಾರದಂತೆ ಮಾಡುತ್ತಾರೆ. ಟೊಮೇಟೊ ಸಾಸಿನ ಜೊತೆಗೂ ಸಿಗುತ್ತದೆ, ಕಪ್ಪು ಟ್ರಫಲ್ ಜೊತೆಗೂ ಸಿಗುತ್ತದೆ. ಟ್ರಫಲ್ ಅಂದರೆ ಮಣ್ಣಿನೊಳಗೆ ಬೆಳೆಯುವ ಅಣಬೆ ಜಾತಿ, ಮಳೆ ಬಿದ್ದ ಕಾಡಿನ ಮಣ್ಣಿನ ವಾಸನೆ ಅದಕ್ಕೆ. ನನಗೆ ಇಷ್ಟವಾಯಿತು, ಇವರು ಟೊಮೇಟೊಗೇ ಅಂಟಿಕೊಂಡರು. "ಸೆನ್ಸಾ ಕಾರ್ನೆ" ಅಂದರೆ ಮಾಂಸ ಬೇಡ. ಆದರೆ ಅವರ ಲೆಕ್ಕದಲ್ಲಿ ಮೀನು ಮಾಂಸವಲ್ಲ, ಅದನ್ನು ಬೇರೆ ಹೇಳಬೇಕು. ಕಟ್ಟುನಿಟ್ಟಿನವರು ಇನ್ನೊಂದು ತಿಳಿದಿರಲಿ: ಪಾರ್ಮೆಜಾನ್ ಚೀಸಿನ ಹಾಲು ಒಡೆಸಲು ಕರುವಿನ ಹೊಟ್ಟೆಯ ರೆನೆಟ್ ಬಳಸುತ್ತಾರೆ. ಬೇಡವಾದರೆ ಮೇಲೆ ಚೀಸ್ ಉದುರಿಸಬೇಡಿ ಅಂತ ಮೊದಲೇ ಹೇಳಿಬಿಡಿ. ಬಿಲ್ಲಿನಲ್ಲಿ ಕೊಪೆರ್ತೊ ಅಂತ ತಲೆಗಿಷ್ಟು ಸೇರಿರುತ್ತದೆ, ಬ್ರೆಡ್ಡು ಮೇಜಿನ ಖರ್ಚು. ಅದಕ್ಕೆ ಜಗಳ ಆಡಬೇಡಿ.

ಆ ಬ್ರೆಡ್ಡಿಗೆ ಉಪ್ಪೇ ಇರುವುದಿಲ್ಲ. ಮೊದಲ ತುತ್ತಿಗೆ ಇವರು ನನ್ನ ಮುಖ ನೋಡಿದರು, ಅಡುಗೆ ಮಾಡಿದವಳು ನಾನೇ ಅನ್ನುವ ಹಾಗೆ. ಉಂಬ್ರಿಯಾದ ಜನ ಇದಕ್ಕೆ ಹೇಳುವ ಕತೆ ಚೆನ್ನಾಗಿದೆ. 1540ರಲ್ಲಿ ಪೋಪ್ ಮೂರನೇ ಪಾಲ್ ಉಪ್ಪಿನ ಮೇಲೆ ತೆರಿಗೆ ಏರಿಸಿದ, ಪೆರೂಜ ನಗರ ದಂಗೆ ಎದ್ದಿತು, ಸೋತಿತು, ಆ ಸಿಟ್ಟಿಗೆ ಉಪ್ಪಿಲ್ಲದ ಬ್ರೆಡ್ಡು ತಿನ್ನಲು ಶುರುಮಾಡಿದರು ಅಂತ. ದಂಗೆ, ಸೋಲು ನಿಜವಾದ ಇತಿಹಾಸ. ಬ್ರೆಡ್ಡಿನ ಸಂಬಂಧ ಜನ ಕಟ್ಟಿದ್ದಿರಬಹುದು. ಯಾವ ಮೂರನೇ ಪಾಲ್? ನಮ್ಮ ಬಾವಿ ಮುಗಿಯುವಾಗ ಪೋಪ್ ಆಗಿದ್ದವನೇ. ಸೋತ ಪೆರೂಜದ ನೆತ್ತಿಯ ಮೇಲೆ ಅವನು ಒಂದು ಕೋಟೆ ಕಟ್ಟಿಸಿದ. ಅದರ ನಕ್ಷೆ ಮಾಡಿದವನು ನಮ್ಮ ಬಾವಿಯ ಸಂಗಾಲ್ಲೊ! ಒಂದು ಊರಿಗೆ ನೀರು ಕೊಟ್ಟ ಕೈ ಇನ್ನೊಂದು ಊರಿನ ಕುತ್ತಿಗೆ ಹಿಡಿಯಿತು. ಇದನ್ನು ಹೇಳಿದಾಗ ಇವರು, "ಎಂಜಿನಿಯರ್ ಏನು ಮಾಡ್ತಾನೆ, ಮೇಲಿನವರು ಹೇಳಿದ್ದು ಮಾಡ್ತಾನೆ" ಅಂದರು. ಸ್ವಂತ ಅನುಭವ ಮಾತಾಡುತ್ತಿತ್ತು.

ವೈನ್ ಕುಡಿದಿರಾ ಅಂತ ಹಿಂದಿನ ಸಾಲಿನಿಂದ ಯಾರೋ ಕೇಳಿದರು. ಊರಿನ ಹೆಸರಿನಲ್ಲೇ ಬಿಳಿ ವೈನ್ ಇದೆ, ಶತಮಾನಗಳಿಂದ ಪ್ರಸಿದ್ಧ. ಉತ್ತರವನ್ನು ಇವರ ಕಡೆ ತಿರುಗಿ ಕೇಳಿ.

ಮಧ್ಯಾಹ್ನ ಒಂದು ಗಂಟೆಯ ಮೇಲೆ ಅಂಗಡಿಗಳು ಒಂದೊಂದೇ ಬಾಗಿಲು ಹಾಕುತ್ತವೆ. ನಾಲ್ಕರ ತನಕ ತೆರೆಯುವುದಿಲ್ಲ. ಎರಡೇ ಗಂಟೆ ಇರಲು ಬಂದವರಿಗೆ ಇದು ಕಿರಿಕಿರಿ. ನಮಗೆ ಆತುರವಿರಲಿಲ್ಲ. ರೂಮಿಗೆ ಹೋಗಿ ಕಿಟಕಿಯ ಮರದ ಬಾಗಿಲು ಎಳೆದು ಮಲಗಿದೆವು. ರಜೆ ಹಾಕಿ, ವೀಸಾ ಮಾಡಿಸಿ, ಅಷ್ಟು ದೂರ ಹೋಗಿ ಮಧ್ಯಾಹ್ನ ನಿದ್ದೆ ಮಾಡಿದೆ ಅಂದರೆ ನನ್ನ ತಂಗಿ ಇನ್ನೂ ನಗುತ್ತಾಳೆ. ಮಾಡಿ ನೋಡಿ ಅಂತೀನಿ. ಅಂದ ಹಾಗೆ, ನಿಧಾನವಾಗಿ ಬದುಕುವ ಸಣ್ಣ ಊರುಗಳ ಕೂಟ ಒಂದಿದೆ, ಚಿತ್ತಾಸ್ಲೋ ಅಂತ. 1999ರಲ್ಲಿ ಇಟಲಿಯ ಕೆಲವು ಊರುಗಳ ಮೇಯರುಗಳು ಸೇರಿ ಶುರುಮಾಡಿದ್ದು, ಗುರುತು ಬಸವನಹುಳು, 50,000ಕ್ಕಿಂತ ಜಾಸ್ತಿ ಜನ ಇರುವ ಊರಿಗೆ ಸದಸ್ಯತ್ವ ಇಲ್ಲ. ಅದರ ಕಚೇರಿ ಇರುವುದು ಒರ್ವಿಯೇತೊದಲ್ಲಿ. ಕಾರುಗಳನ್ನು ಬಂಡೆಯ ಕೆಳಗೇ ನಿಲ್ಲಿಸಿ, ಎಸ್ಕಲೇಟರಿನಲ್ಲಿ ಮೇಲೆ ಬರುವ ವ್ಯವಸ್ಥೆಯೂ ಇದೆ. ನಿಧಾನ ಅಂದರೆ ಸೋಮಾರಿತನ ಅಲ್ಲ, ಅದಕ್ಕೂ ದುಡ್ಡು ಹಾಕಿ, ಬಂಡೆ ಕೊರೆದು ವ್ಯವಸ್ಥೆ ಮಾಡಿದ್ದಾರೆ.

ಎದ್ದ ಮೇಲೆ ಊರಿನ ಕೆಳಗಿನ ಊರು ನೋಡಿದೆವು. ತೂಫೊ ಮೆದು ಕಲ್ಲು, ಗುದ್ದಲಿಗೆ ಸಿಗುತ್ತದೆ. ಹಾಗಾಗಿ ಎರಡೂವರೆ ಸಾವಿರ ವರ್ಷದಿಂದ ಜನ ತಮ್ಮ ಮನೆ ಕೆಳಗೆ ತೋಡುತ್ತಲೇ ಬಂದಿದ್ದಾರೆ. ಸಾವಿರಕ್ಕೂ ಹೆಚ್ಚು ಗುಹೆಗಳಿವೆ. ರೋಮನ್ನರಿಗಿಂತ ಮೊದಲು ಇಲ್ಲಿ ಎಟ್ರುಸ್ಕನ್ನರು ಇದ್ದರು, ಊರಿಗೆ ವೆಲ್ಸ್ನಾ ಅಂತ ಹೆಸರಿತ್ತು. ಕ್ರಿಸ್ತಪೂರ್ವ 264ರಲ್ಲಿ ರೋಮನ್ನರು ಅದನ್ನು ಹಾಳುಗೆಡವಿ, ಉಳಿದ ಜನರನ್ನು ಬೊಲ್ಸೇನ ಕೆರೆಯ ದಡಕ್ಕೆ ಓಡಿಸಿದರು. ಗೈಡ್ ಜೊತೆಗೆ ಮಾತ್ರ ಒಳಗೆ ಬಿಡುತ್ತಾರೆ. ಎಣ್ಣೆ ಗಾಣದ ಕಲ್ಲುಗಳಿವೆ, ಎಟ್ರುಸ್ಕನ್ ಬಾವಿಗಳಿವೆ. ನನಗೆ ನೆನಪುಳಿದದ್ದು ಪಾರಿವಾಳದ ಕೋಣೆ. ಗೋಡೆ ತುಂಬ ಸಾಲಾಗಿ ಚೌಕ ಗೂಡುಗಳು. ಕೋಣೆಯ ಕಿಂಡಿ ಬಂಡೆಯ ಕಡಿದಾದ ಮುಖಕ್ಕೆ ತೆರೆಯುತ್ತದೆ. ಪಾರಿವಾಳ ತಾನೇ ಹಾರಿಹೋಗಿ ಬಯಲಲ್ಲಿ ಮೇದು ಸಂಜೆ ಗೂಡಿಗೆ ಬರುತ್ತದೆ, ಸಾಕಿದವನಿಗೆ ಕಾಳಿನ ಖರ್ಚಿಲ್ಲ. ಅವನ ಅಡುಗೆಮನೆ ಮೇಲೆಯೇ ಇದೆ. ಪಾರಿವಾಳಕ್ಕೆ ಆ ವಿಷಯ ಗೊತ್ತಿರಲಿಲ್ಲ ಅಷ್ಟೆ.

ಸಂಜೆ ಐದರ ಹೊತ್ತಿಗೆ ಬಸ್ಸುಗಳು ಇಳಿದುಹೋಗುತ್ತವೆ. ಚರ್ಚಿನ ಮುಖ ಪಡುವಣಕ್ಕಿದೆ. ಬೆಳಿಗ್ಗೆ ನೆರಳಲ್ಲಿದ್ದ ಬಂಗಾರದ ಮೊಸಾಯಿಕ್ ಮೇಲೆ ಈಗ ಬಿಸಿಲು ನೇರವಾಗಿ ಬೀಳುತ್ತದೆ. ಅಂದರೆ ಬೆಳಿಗ್ಗೆ ಬಂದು ಫೋಟೊ ಹೊಡೆದವರು ಚರ್ಚಿನ ಅರ್ಧವನ್ನಷ್ಟೇ ನೋಡಿದಂತೆ. ಆಮೇಲೆ ಊರಿನವರೇ ಹೊರಬರುತ್ತಾರೆ. ಕೋರ್ಸೊ ಕವೂರ್ ಅನ್ನುವ ಮುಖ್ಯ ಬೀದಿಯಲ್ಲಿ ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ. ಏನೂ ಕೊಳ್ಳುವುದಿಲ್ಲ. ಅಜ್ಜಂದಿರು ಕೈ ಹಿಂದೆ ಕಟ್ಟಿಕೊಂಡು, ಅಮ್ಮಂದಿರು ಗಾಡಿಯಲ್ಲಿ ಮಗು ತಳ್ಳಿಕೊಂಡು, ಎದುರಿಗೆ ಸಿಕ್ಕವರ ಜೊತೆ ನಿಂತು ಮಾತಾಡಿ, ಮತ್ತೆ ಎರಡು ಹೆಜ್ಜೆ. ನಾವೂ ಸೇರಿಕೊಂಡೆವು. ಎರಡನೇ ಸುತ್ತಿಗೆ ಒಬ್ಬ ಅಜ್ಜಿ ನನ್ನ ಸೀರೆ ಸೆರಗು ಮುಟ್ಟಿ ನೋಡಿ "ಬೆಲ್ಲಾ", ಅಂದರೆ ಚೆಂದ, ಅಂದರು. ಮೂರನೇ ಸುತ್ತಿಗೆ ಇನ್ನಿಬ್ಬರನ್ನು ಕರೆದುಕೊಂಡು ಬಂದು ತೋರಿಸಿದರು. ಇಳಕಲ್ ಸೀರೆ ಅದು. ನನಗೆ ಇಟಾಲಿಯನ್ ಬರದು, ಅವರಿಗೆ ಕನ್ನಡ ಬರದು, ಆದರೂ ನೇಯ್ಗೆ, ರೇಟು, ಮಕ್ಕಳು ಎಷ್ಟು ಎಲ್ಲ ವಿಚಾರಣೆ ಆಯಿತು. ಇವರು ಪಕ್ಕದಲ್ಲಿ ನಿಂತು ಐಸ್‌ಕ್ರೀಮ್ ತಿಂದರು.

ಕೊನೆಗೆ ಸಭೆಯಲ್ಲಿ ಬಂದ ಪ್ರಶ್ನೆಗಳಿಗೆ ಎರಡು ಮಾತು. ಯಾವಾಗ ಹೋಗಬೇಕು? ಏಪ್ರಿಲ್, ಮೇ ಅಥವಾ ಸೆಪ್ಟೆಂಬರ್, ಅಕ್ಟೋಬರ್. ಜುಲೈ ಆಗಸ್ಟ್ ಬಿಸಿಲು ಬೇಡ. ಕಾರ್ಪಸ್ ಕ್ರಿಸ್ಟಿ ಹಬ್ಬ ಸಾಮಾನ್ಯವಾಗಿ ಜೂನಿನಲ್ಲಿ, ಹಳೆಗಾಲದ ವೇಷ ತೊಟ್ಟು ದೊಡ್ಡ ಮೆರವಣಿಗೆ ಮಾಡುತ್ತಾರೆ, ಆಗ ಹೋಗುವುದಾದರೆ ರೂಮು ಬೇಗ ಬುಕ್ ಮಾಡಿ. ಮಂಡಿ ನೋವಿನವರು? ಬಾವಿ ಬಿಡಿ, ಉಳಿದದ್ದೆಲ್ಲ ಆಗುತ್ತದೆ, ಮೇಲೆ ಊರು ಬಹುಪಾಲು ಸಮತಟ್ಟು. ಸ್ಥಳೀಯ ರೈಲಿಗೆ ಕಾಗದದ ಟಿಕೆಟ್ ತೆಗೆದುಕೊಂಡರೆ ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಮಿಷನ್ನಿಗೆ ತುರುಕಿ ಮುದ್ರೆ ಒತ್ತಿಸಿ, ಇಲ್ಲದಿದ್ದರೆ ಟಿಕೆಟ್ ಇದ್ದೂ ದಂಡ. ಮತ್ತೆ ಚಕ್ರದ ದೊಡ್ಡ ಸೂಟ್‌ಕೇಸ್ ತರಬೇಡಿ. ಬೀದಿಗೆಲ್ಲ ಕಲ್ಲು ಹಾಸಿದ್ದಾರೆ, ನೀವು ಬಂದದ್ದು ಇಡೀ ಓಣಿಗೆ ಕೇಳಿಸುತ್ತದೆ.